ಎಡಗಿವಿ

ಜುಲೈ ಹದಿನಾಲ್ಕು. ಮೂವತ್ತೆಂಟು ಉತ್ತರಪತ್ರಿಕೆಗಳಲ್ಲಿ ಆರನೆಯ ಪ್ರಶ್ನೆಗೆ ಸರಿಯಾಗಿ ಬರೆದವರು ಇಬ್ಬರು. ಪಕ್ಕದ ವಿಭಾಗದಲ್ಲಿ ಮೂವತ್ತೊಂದು ಮಂದಿ. ಇಂಗ್ಲಿಷ್ ಮೇಷ್ಟ್ರು ಇನ್ನೊಮ್ಮೆ ಎಣಿಸಿದರು, ಲೆಕ್ಕ ಬದಲಾಗಲಿಲ್ಲ.

ಪಾಸ್ಟ್ ಪರ್ಫೆಕ್ಟ್ ಕಂಟಿನ್ಯೂಯಸ್ ಯಾವಾಗ ಬಳಸಬೇಕು ಎಂಬುದು ಪ್ರಶ್ನೆ. ಇಪ್ಪತ್ತೊಂಬತ್ತು ವರ್ಷದಿಂದ ಮೇಷ್ಟ್ರು ಸೂತ್ರವನ್ನು ಹಲಗೆಯ ಮೇಲೆ ಬರೆದು ಹತ್ತು ಸಲ ಹೇಳಿಸುತ್ತ ಬಂದಿದ್ದರು. ಪಕ್ಕದ ವಿಭಾಗದ ಟೀಚರು ಬಂದು ವರ್ಷವೂ ಆಗಿರಲಿಲ್ಲ. ಅಂದು ನಾಲ್ಕನೆಯ ಪೀರಿಯಡ್ಡಿಗೆ ಹೆಡ್‌ಮಾಸ್ಟರರೇ ಬಂದು ಮಕ್ಕಳನ್ನು ಕೇಳುವವರಿದ್ದರು. ಮತ್ತೆ ತಡವರಿಸಿದರೆ ಮೇಷ್ಟ್ರಿಗೆ ಹತ್ತನೆಯ ತರಗತಿ ತಪ್ಪಿ ಐದನೆಯದು ಗಟ್ಟಿ.

ಮೂರನೆಯ ಪೀರಿಯಡ್ಡು ಬಿಡುವು. ಮೇಷ್ಟ್ರು ಆಕೆಯ ತರಗತಿಗೆ ಅಂಟಿದ ಖಾಲಿ ಕೋಣೆಗೆ ಹೋಗಿ, ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಕಿವಿಯಿಟ್ಟು ನಿಂತರು.

"ಬೆಳಿಗ್ಗೆ ನಾನು ಬಂದಾಗ ನಿನ್ನ ಅಂಗಿ ಒದ್ದೆಯಾಗಿತ್ತಲ್ಲ, ಯಾಕೋ?"

"ಅರ್ಧ ಗಂಟೆಯಿಂದ ಫುಟ್‌ಬಾಲ್ ಆಡ್ತಿದ್ದೆ ಮಿಸ್."

"ನಾನು ನೋಡಿದ್ನಾ?"

"ನೀವು ನೋಡೋ ಹಾಗಿದ್ರೆ ಆಡ್ತಿರ್ಲಿಲ್ಲ ಮಿಸ್."

ತರಗತಿ ನಕ್ಕಿತು. "ನಾನು ಬಂದದ್ದು ಆಗಿಹೋದ ಮಾತು. ಅದಕ್ಕೂ ಮುಂಚೆ ಅಷ್ಟು ಹೊತ್ತು ಇವನ ಆಟ ನಡೀತಾನೇ ಇತ್ತು. ನನಗೆ ಕಂಡದ್ದು ಬರೀ ಬೆವರು. ಅಂಥ ಕಡೆ ಈ ಕಾಲ ಹಾಕಿ."

ಇಷ್ಟು ಸಣ್ಣದು ತಮಗೆ ಹೊಳೆಯಲಿಲ್ಲ ಎಂಬುದಕ್ಕಿಂತ ಆಕೆಗೆ ಹೊಳೆಯಿತಲ್ಲ ಎಂಬುದೇ ಮೇಷ್ಟ್ರನ್ನು ಹೆಚ್ಚು ಸುಟ್ಟಿತು. ಆದರೂ ಗಂಟೆ ಹೊಡೆಯುವವರೆಗೆ ಅವರು ಗೋಡೆ ಬಿಡಲಿಲ್ಲ.

ನಾಲ್ಕನೆಯ ಪೀರಿಯಡ್ಡಿನಲ್ಲಿ ಒದ್ದೆ ಅಂಗಿಯನ್ನೂ ಆಟವನ್ನೂ ತಮ್ಮದೆಂಬಂತೆ ಹೇಳಿದರು. ಮುಂದಿನ ಬೆಂಚಿನ ಹುಡುಗಿಯರು ಅವರನ್ನೇ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಇಷ್ಟು ವರ್ಷಗಳಲ್ಲಿ ಅವರ ಪಾಠಕ್ಕೆ ಯಾರೂ ನಕ್ಕಿರಲಿಲ್ಲ. ಮೇಷ್ಟ್ರಿಗೆ ಹಿತವಾಯಿತು.

ಹೆಡ್‌ಮಾಸ್ಟರರು ಒಂಬತ್ತು ಮಕ್ಕಳನ್ನು ಕೇಳಿದರು; ಎಂಟು ಮಂದಿ ಸರಿಯಾಗಿ ಹೇಳಿದರು. ಅವರು ಬಾಗಿಲಿಗೆ ಹೋಗಿ ಪಕ್ಕದ ಟೀಚರನ್ನು ಕರೆದರು.

"ಬನ್ನಿ ಟೀಚರಮ್ಮ, ಅನುಭವ ಅಂದ್ರೆ ಏನು ನೋಡಿ. ಒದ್ದೆ ಅಂಗಿಯಂತೆ, ಫುಟ್‌ಬಾಲಂತೆ. ಎಲ್ಲಿಂದ ಹೊಳೀತು ಮೇಷ್ಟ್ರೆ?"

"ಇಪ್ಪತ್ತೊಂಬತ್ತು ವರ್ಷ ನಾನೇನು ಮಣ್ಣು ಹೊತ್ತೆನೇ ಸಾರ್?"

ಟೀಚರು ಮೇಷ್ಟ್ರ ಕಿವಿಯನ್ನು ನೋಡಿದರು, ಭುಜವನ್ನು ನೋಡಿದರು.

"ಹತ್ತನೇ ಕ್ಲಾಸು ಅವರಿಗೇ ಇರ್ಲಿ ಸಾರ್," ಎಂದರು.

ಹೆಡ್‌ಮಾಸ್ಟರರು ಹೊರಟ ಮೇಲೆ ಆಕೆ ತಮ್ಮ ಕರವಸ್ತ್ರವನ್ನು ಮೇಜಿನ ಮೇಲಿಟ್ಟು, ಮಕ್ಕಳಿಗೆ ಕೇಳಿಸದಂತೆ, "ಎಡಗಿವಿ ಮೇಷ್ಟ್ರೆ," ಎಂದು ಹೊರಟುಹೋದರು.

ಮೇಷ್ಟ್ರು ಒರೆಸಿಕೊಂಡರು. ನೀಲಿ ಕರವಸ್ತ್ರ ಬೆಳ್ಳಗಾಯಿತು. ಮಡಿಸಿ ಜೇಬಿಗಿಟ್ಟುಕೊಂಡರು. ಜುಲೈ ಮೂವತ್ತೊಂದಾದರೂ ಅದನ್ನು ಆಕೆಗೆ ಮರಳಿಸಿರಲಿಲ್ಲ; ಜೇಬಿನಲ್ಲಿಯೇ ಇತ್ತು, ಒಗೆದು ಇಸ್ತ್ರಿ ಮಾಡಿದ್ದು, ನಾಲ್ಕು ಮಡಿಕೆ.