ಕೋಣಗಳು ಕೂತ ದಿನ

ಗುಡ್ಡವೊಂದರ ಮೈಗೆ ಅಂಟಿಕೊಂಡ ಊರು ಅದು. ಹೆಸರು ಬೇಡ. ಹೇಳಿದರೆ ಆ ಊರಿನವರು ಬೇಜಾರು ಮಾಡಿಕೊಳ್ಳುತ್ತಾರೆ, ಉಳಿದವರು ಸದ್ಯ ನಮ್ಮದಲ್ಲವಲ್ಲ ಎಂದು ಮಗ್ಗುಲು ಬದಲಿಸುತ್ತಾರೆ. ಗುಡ್ಡದ ಮೇಲೆ ಮೇಲ್ಪೇಟೆ, ಅಲ್ಲಿ ನವಿಲುಗಳ ವಾಸ. ಗುಡ್ಡದ ಕೆಳಗೆ ಕೆಳಪೇಟೆ, ಅಲ್ಲಿ ಕೋಳಿ, ಕುರಿ, ಮೇಕೆ, ಬಾತು, ಕತ್ತೆ ಎಲ್ಲರೂ. ಮನೆ ಕೆಳಗೆ, ಕೆಲಸ ಮೇಲೆ. ಹಾಗಾಗಿ ಬೆಳಗಾದರೆ ಕೆಳಪೇಟೆಯೆಲ್ಲ ಗುಡ್ಡ ಹತ್ತಬೇಕು, ಸಂಜೆಯಾದರೆ ಇಳಿಯಬೇಕು. ಹತ್ತಿಸಿ ಇಳಿಸುವವು ಕೋಣಗಳು. ಉದ್ದನೆಯ ಗಾಡಿ, ಎರಡೂ ಬದಿಗೆ ಹಲಗೆ, ಮುಂದೆ ಒಂದು ಜೋಡಿ ಕೋಣ. ಹಲಗೆಯಲ್ಲಿ ಜಾಗ ಸಿಕ್ಕಿದವರು ಪುಣ್ಯವಂತರು, ಸಿಗದವರು ಹಿಂದೆ ಜೋತುಬೀಳುವರು.

ಚುಕ್ಕವ್ವ ಕೆಳಪೇಟೆಯ ಕೋಳಿ. ಮೈಮೇಲೆ ಚುಕ್ಕೆ, ಬಾಯಲ್ಲಿ ಮಾತು, ಎರಡಕ್ಕೂ ಕೊರತೆಯಿರಲಿಲ್ಲ. ಮೇಲ್ಪೇಟೆಯ ಸಭಾಪತಿ ಸಹಸ್ರಾಕ್ಷರ ಮನೆಯಲ್ಲಿ ಮೊಟ್ಟೆಗೆ ಕಾವು ಕೊಡುವುದು ಅವಳ ಕೆಲಸ. ಕಾವಿಗೆ ಕೂತರೆ ಗರಿಯ ಅಂದ ಕೆಡುತ್ತದೆ ಎಂದು ಯಾವ ಕಾಲದಲ್ಲೋ ಯಾರೋ ಅಂದಿದ್ದರಂತೆ. ಅಂದಿನಿಂದ ನವಿಲುಗಳ ಮನೆಯಲ್ಲಿ ಮೊಟ್ಟೆ ಇಡುವುದಷ್ಟೇ ಮನೆಯವರ ಪಾಲು, ಉಳಿದದ್ದು ಕೆಳಪೇಟೆಯ ಕೋಳಿಗಳ ಪಾಲು. ಹಾಗಾದರೆ ಕೋಳಿಗಳ ಮೊಟ್ಟೆಯ ಗತಿ? ಅದಕ್ಕೆ ಬಾತಜ್ಜಿ ಇದ್ದಳು. ಬೀದಿಯ ಕೋಳಿಗಳೆಲ್ಲ ಬೆಳಿಗ್ಗೆ ತಮ್ಮ ಬುಟ್ಟಿಗಳನ್ನು ಅವಳ ಜಗಲಿಯಲ್ಲಿಟ್ಟು ಗಾಡಿ ಹಿಡಿಯುತ್ತಿದ್ದವು.

ಬಾತಜ್ಜಿ ಚಿನ್ನದಂಥ ಮುದುಕಿ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಬೇರೆ. ಮೊಟ್ಟೆಯಿಂದ ಬಂದ ಮರಿ ಮೊದಲು ಯಾರ ಮುಖ ನೋಡುತ್ತದೋ ಅವರೇ ಅದಕ್ಕೆ ಅವ್ವ. ಇದು ಹಕ್ಕಿಗಳ ಕುಲದ ನಿಯಮ, ಇದಕ್ಕೆ ಮೇಲ್ಮನವಿ ಇಲ್ಲ. ಹಿಂದಿನ ಸಲ ಚುಕ್ಕವ್ವ ಮೇಲೆ ನವಿಲುಮರಿಯ ಬಾಯಿಗೆ ಕಾಳು ಇಡುತ್ತಿದ್ದಾಗ ಕೆಳಗೆ ಅವಳ ಮಕ್ಕಳು ಕಣ್ಣು ಬಿಟ್ಟು ಬಾತಜ್ಜಿಯನ್ನು ನೋಡಿದವು. ಅಲ್ಲಿಗೆ ಮುಗಿಯಿತು. ಅಜ್ಜಿ ಕೆರೆಗಿಳಿದರೆ ಅವೂ ಇಳಿಯುತ್ತಿದ್ದವು, ನೀರು ಕುಡಿದು ಕೆಮ್ಮುತ್ತಿದ್ದವು, ಮಾರನೆಯ ದಿನ ಮತ್ತೆ ಇಳಿಯುತ್ತಿದ್ದವು. ಈಗ ಅವು ಬೆಳೆದು ನಿಂತಿವೆ. ಅಜ್ಜಿಯನ್ನು ಅವ್ವ ಅನ್ನುತ್ತವೆ, ಚುಕ್ಕವ್ವನನ್ನು ಕಂಡರೆ ಮರ್ಯಾದೆಯಿಂದ "ಚೆನ್ನಾಗಿದೀರಾ ಅಕ್ಕ?" ಅಂತ ಕೇಳುತ್ತವೆ. ಆ ಮರ್ಯಾದೆ ಕೇಳಿದಾಗಲೆಲ್ಲ ಅವಳಿಗೆ ಕರುಳು ಕಿತ್ತು ಬರುತ್ತಿತ್ತು.

ಈ ಸಲ ಬುಟ್ಟಿ ಮತ್ತೆ ತುಂಬಿತ್ತು. ವಯಸ್ಸಾಗುತ್ತಿತ್ತು, ಇದೇ ಕೊನೆಯ ಬುಟ್ಟಿ ಎಂದು ಅವಳಿಗೆ ಗೊತ್ತಿತ್ತು. ಈ ಮಕ್ಕಳಾದರೂ ತನ್ನ ಮುಖ ಮೊದಲು ನೋಡಲಿ, ಇಷ್ಟೇ ಅವಳ ಆಸೆ. ಆದರೆ ಮೇಲಿನ ಮೊಟ್ಟೆಯೂ ಕೆಳಗಿನ ಮೊಟ್ಟೆಗಳೂ ಒಂದೇ ದಿನ ಒಡೆಯುವ ಹಾಗೆ ಕಾಣುತ್ತಿತ್ತು. ರಜೆ ಕೇಳಿದಳು. "ಈ ಸಮಯದಲ್ಲಾ?" ಅಂದರು ಸಹಸ್ರಾಕ್ಷರು. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ಆ ಊರಲ್ಲಿ ಇರಲಿಲ್ಲ.

ಇತ್ತ ಕೋಣಗಳಿಗೂ ಒಂದು ಸಂಕಟವಿತ್ತು. ಗುಡ್ಡದ ನಡುವೆ ಹುಣಸೆಮರದ ಪಕ್ಕ ಒಂದು ಕೆಸರು ಹೊಂಡ ಇತ್ತು. ಮಧ್ಯಾಹ್ನ ನೊಗ ಬಿಚ್ಚಿ ಅದರಲ್ಲಿ ಒಂದಿಷ್ಟು ಹೊತ್ತು ಹೊರಳಾಡಿದರೆ ಕೋಣಗಳಿಗೆ ಸಂಜೆವರೆಗೆ ಜೀವ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆಯನ್ನು ಊರು ನಗಲಿಕ್ಕೆ ಬಳಸುತ್ತಿತ್ತೇ ಹೊರತು, ಅದು ಯಾಕೆ ನೀರಿಗೆ ಎಳೆಯುತ್ತದೆ ಎಂದು ಕೇಳಿರಲಿಲ್ಲ. ಮೇಲ್ಪೇಟೆಯ ಸಭೆಯವರು ಆ ಹೊಂಡಕ್ಕೆ ಮಣ್ಣು ತುಂಬಿಸಿ ನವಿಲುಗಳು ಕುಣಿಯಲಿಕ್ಕೆ ಒಂದು ಕಟ್ಟೆ ಕಟ್ಟಿಸಿದರು. ಬೇಸಿಗೆ ಬಂತು, ಕೋಣಗಳ ಮೈ ಬಿರಿಯಿತು. ಕೇಳಿ ಕೇಳಿ ಸಾಕಾಗಿ ಒಂದು ಬೆಳಿಗ್ಗೆ ಅವು ಗಾಡಿ ಅಡ್ಡೆಯಲ್ಲಿ ಸಾಲಾಗಿ ಕೂತುಬಿಟ್ಟವು. ಊರಿನ ಹಳೇ ಕಟ್ಟಳೆ ಏನೆಂದರೆ, ಬೇಡಿಕೆ ಇಟ್ಟು ಯಾರಾದರೂ ಕೂತರೆ ಅಂದು ಸೂರ್ಯ ಮುಳುಗುವುದರೊಳಗೆ ಸಭೆ ಸೇರಿ ಇಲ್ಲ ಎನ್ನಬೇಕು. ಅನ್ನದಿದ್ದರೆ ಮೌನಂ ಸಮ್ಮತಿ ಲಕ್ಷಣಂ, ಹೌದು ಅಂದಂತೆ. ಇಲ್ಲ ಎನ್ನುವುದು ಸಭೆಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಅಡ್ಡೆಯಲ್ಲಿ ಜಾತ್ರೆಯಷ್ಟು ಜನ. ಕುರಿಗಳು ಗಾಡಿ ಬರುತ್ತದೆಂದು ಸಾಲು ಹಿಡಿದು ನಿಂತಿದ್ದವು. ಎದುರಿಗೇ ಕೋಣಗಳು ಕೂತಿದ್ದರೂ ಸಾಲು ಬಿಡಲಿಲ್ಲ, ಬಿಟ್ಟರೆ ಜಾಗ ಹೋದೀತಲ್ಲ. ಕತ್ತೆಗಳು ಬೆನ್ನು ಒರೆಸಿಕೊಂಡು "ಬನ್ನಿ ಬನ್ನಿ, ಮೂರು ಪಟ್ಟು ಕೊಟ್ಟರೆ ಮೇಲಕ್ಕೆ" ಎಂದು ಕೂಗುತ್ತಿದ್ದವು. ಚುಕ್ಕವ್ವ ಸೀದಾ ಕೋಣಗಳ ಹಿರಿಯ ಕೊಂಬಣ್ಣನ ಮುಂದೆ ಹೋಗಿ ನಿಂತಳು.

"ಕೊಂಬಣ್ಣ, ಏಳು. ಹೊತ್ತಾಯ್ತು."

"ಇವತ್ತು ಏಳಲ್ಲ ಚುಕ್ಕವ್ವ. ಮೈ ನೋಡು ಹೆಂಗಾಗಿದೆ."

"ನಿನ್ನ ಮೈ ನಿನಗೆ. ಅಲ್ಲಿ ಮೊಟ್ಟೆ ತಣ್ಣಗಾಗುತ್ತೆ."

ಕೊಂಬಣ್ಣ ಮೆಲುಕು ನಿಲ್ಲಿಸಿದ. "ಯಾರ ಮೊಟ್ಟೆ?"

ಮಾತಿಗೆ ಎಂದೂ ತಡವರಿಸದ ಕೋಳಿಗೆ ಆ ಪ್ರಶ್ನೆಯೇ ಅವಮಾನವಾಯಿತು. "ನಿನ್ನ ಹತ್ರ ಮಾತಾಡೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ" ಎಂದು ರೇಗಿ ಗುಡ್ಡದ ದಾರಿ ಹಿಡಿದಳು. ಅವಳು ಹೊರಟದ್ದು ಹೆದರಿಕೆಗಲ್ಲ, ಅಥವಾ ಹೆದರಿಕೆಗಷ್ಟೇ ಅಲ್ಲ. ಅಷ್ಟು ದಿನ ಎದೆಗೆ ಒತ್ತಿಕೊಂಡ ಮೊಟ್ಟೆ, ಅದರೊಳಗೂ ಒಂದು ಜೀವ ಮಿಸುಕುತ್ತಿತ್ತಲ್ಲ.

ಅವಳ ಹಿಂದೆ ಒಂದು ಮೇಕೆ ಹೊರಟಿತು. ಮೇಕೆಯ ಹಿಂದೆ ಕುರಿಗಳ ಸಾಲು, ಸಾಲಾಗಿಯೇ. ಮೊದಲ ತಿರುವಿನವರೆಗೆ ಎಲ್ಲರೂ ಕೋಣಗಳನ್ನು ಬೈದರು. ಎರಡನೆಯ ತಿರುವಿಗೆ ಬೈಯಲು ಉಸಿರು ಸಾಲದೆ ಮಾತಿಗೆ ಇಳಿದರು. ಎಷ್ಟೋ ವರ್ಷದಿಂದ ಒಂದೇ ಹಲಗೆಯಲ್ಲಿ ಒಬ್ಬರ ಕೊಂಬು ಒಬ್ಬರಿಗೆ ಚುಚ್ಚಿಕೊಂಡು ಬರುತ್ತಿದ್ದ ಮೇಕೆಗೂ ಕುರಿಗೂ ಪರಸ್ಪರ ಹೆಸರು ಗೊತ್ತಾದದ್ದು ಅಂದು. ಹುಣಸೆಮರದ ಕೆಳಗೆ ಒಬ್ಬರ ಬುತ್ತಿಯನ್ನು ಒಬ್ಬರು ಬಿಚ್ಚಿ ತಿಂದರು. ಒಂದು ಕುರಿ ಹಾಡು ಶುರು ಮಾಡಿತು, ಶ್ರುತಿ ಯಾವ ದಿಕ್ಕಿಗೆ ಹೋಯಿತೋ ದೇವರೇ ಬಲ್ಲ, ಆದರೂ ಎಲ್ಲರೂ ದನಿಗೂಡಿಸಿದರು. ಗಾಡಿಯಲ್ಲಿ ಹೋಗುವಾಗ ಈ ಗುಡ್ಡದಲ್ಲಿ ಇಷ್ಟು ಹೂವಿದೆ ಅಂತ ಒಬ್ಬರೂ ನೋಡಿರಲಿಲ್ಲ.

ಮೇಲ್ಪೇಟೆ ಮುಟ್ಟುವಾಗ ಹೊತ್ತು ನೆತ್ತಿ ದಾಟಿತ್ತು. ಸಹಸ್ರಾಕ್ಷರ ಮನೆಯ ಬಾಗಿಲು ದೂಡಿದ ಚುಕ್ಕವ್ವ ಹಾಗೇ ನಿಂತಳು. ಸಭಾಪತಿಗಳು ಮೊಟ್ಟೆಯ ಮೇಲೆ ಕೂತಿದ್ದರು. ಸಾವಿರ ಕಣ್ಣಿನ ಬಾಲ ಕೋಣೆಯಲ್ಲಿ ಹಿಡಿಸದೆ ಕಿಟಕಿಯಿಂದ ಆಚೆ ಜೋತಿತ್ತು. ಆಗಿದ್ದು ಇಷ್ಟು. ಮನೆಯಾಕೆ, ಮೇಲ್ಪೇಟೆಯ ಎಲ್ಲ ಹೆಣ್ಣುನವಿಲುಗಳ ಜೊತೆ, ಹಿಂದಿನ ದಿನ ಪಕ್ಕದ ಗುಡ್ಡದ ಮದುವೆಗೆ ಹೋಗಿದ್ದಳು. ಬೆಳಗಿನ ಗಾಡಿಗೆ ಬರುವುದೆಂದು ಮಾತು. ಗಾಡಿ ಬರಲಿಲ್ಲ. ಹಾರಿ ಬರಬಹುದಿತ್ತು, ರೆಕ್ಕೆ ಇತ್ತಲ್ಲ, ಆದರೆ ಹಾರಿ ಎಷ್ಟು ತಲೆಮಾರಾಗಿತ್ತೋ.

"ಬಂದೆಯಾ, ಸದ್ಯ" ಅಂದರು ಸಹಸ್ರಾಕ್ಷರು. "ಬಾ, ಕೂರು. ನಾನು ಸಭೆಗೆ ಹೋಗಿ ಆ ಕೋಣಗಳಿಗೆ ಇಲ್ಲ ಅನ್ನಬೇಕು. ಒಬ್ಬರು ಕೂತರೆ ಊರೇ ಕೂರಬೇಕಾ? ಊರು ಅಂದ ಮೇಲೆ ಹೊಣೆ ಬೇಡವಾ?"

ಅವರು ಅರ್ಧ ಎದ್ದರು. ಮೊಟ್ಟೆಯೊಳಗಿಂದ ಟಕ್ ಎಂದು ಸದ್ದಾಯಿತು, ಹಿಂದೆಯೇ ಕೀಚು ಎಂದು ಸಣ್ಣ ದನಿ. ಸಭಾಪತಿಗಳು ಸುಟ್ಟುಕೊಂಡವರ ಹಾಗೆ ಮತ್ತೆ ಕೂತುಬಿಟ್ಟರು. ಅವರ ಮುಖದಲ್ಲಿ ಅಂಥ ಗಾಬರಿಯನ್ನು, ಅಂಥ ಬೆರಗನ್ನು ಚುಕ್ಕವ್ವ ಯಾವತ್ತೂ ನೋಡಿರಲಿಲ್ಲ. ಇಲ್ಲಿ ಸದ್ದಾಯಿತು ಅಂದರೆ ಕೆಳಗೂ ಆಗುತ್ತಿರುತ್ತದೆ ಎಂದು ಅವಳಿಗೆ ಹೊಳೆಯಿತು.

"ಸ್ವಾಮಿ, ಈ ಮೊಟ್ಟೆ ಯಾರದು?"

"ಇದೆಂಥ ಪ್ರಶ್ನೆ? ನನ್ನದೇ."

"ಹಂಗಾದ್ರೆ ನೀವೇ ಕೂತಿರಿ. ನಂದು ಕೆಳಗಿದೆ."

"ಈಗ ಹೋದರೆ ನಾಳೆ ಬರಬೇಡ" ಎಂದು ಅವರು ಗದರಿದರು, ಆದರೆ ಮೆಲ್ಲಗೆ, ಒಳಗಿರುವುದು ಬೆಚ್ಚದ ಹಾಗೆ. ಆಗಲಿ ಎಂದು ತಲೆಯಾಡಿಸಿ ಚುಕ್ಕವ್ವ ಹೊರಬಿದ್ದಳು. ಉಳಿದ ಕೋಳಿಗಳು ಗಾಡಿಯಿಲ್ಲವೆಂದು ಬಂದಿರಲಿಲ್ಲ, ಬೀದಿಯುದ್ದಕ್ಕೂ ಪ್ರತಿ ಕಿಟಕಿಯಿಂದ ಒಂದೊಂದು ಬಾಲ ಜೋತಿತ್ತು. "ಹೊತ್ತಾಯಿತು, ಸಭೆಗೆ ಹೊರಡಿ" ಎಂದು ಒಂದು ಕಿಟಕಿ ಕೂಗಿದರೆ, "ತಾವು ಮೊದಲು ಏಳಿ" ಎಂದು ಎದುರಿನ ಕಿಟಕಿ ಕೂಗುತ್ತಿತ್ತು. ಯಾರೂ ಏಳಲಿಲ್ಲ. ಅವಳಿಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಓಡಿದಳು.

ಕೋಳಿಯ ಕಾಲು ಎಷ್ಟು ಓಡೀತು? ಹುಣಸೆಮರ ತಲುಪುವಷ್ಟರಲ್ಲಿ ಮುಗ್ಗರಿಸಿ ಬಿದ್ದಳು. ಕೋಣಗಳು ಮಧ್ಯಾಹ್ನವೇ ಬಂದು ಆ ಕುಣಿಯುವ ಕಟ್ಟೆಯ ಸುತ್ತ ಕೂತು ಸೂರ್ಯನನ್ನೇ ನೋಡುತ್ತಿದ್ದವು. ಕೊಂಬಣ್ಣ ಅವಳನ್ನು ಕಂಡ.

"ಏನಾಯ್ತು ಚುಕ್ಕವ್ವ?"

"ನನ್ನ ಮೊಟ್ಟೆ ಕೊಂಬಣ್ಣ" ಅಂದಳು. "ನನ್ನವೇ. ಒಡೀತಿರ್ತವೆ."

ಕೊಂಬಣ್ಣ ಎದ್ದು ಮೈ ಕೊಡವಿದ. "ಗಾಡಿ ಎಳೆಯಲ್ಲ ಅಂದಿದ್ದು ನಿಜ. ಬೆನ್ನು ಕೊಡಲ್ಲ ಅಂತ ಯಾರೂ ಅಂದಿಲ್ಲ. ಹತ್ತು."

ಕೋಣ ಓಡಿದ್ದನ್ನು ಆ ಊರು ಅಂದು ನೋಡಿತು. ದಾರಿಯಲ್ಲಿದ್ದ ಕತ್ತೆಗಳು ಪಟ್ಟು ಗಿಟ್ಟು ಎಲ್ಲ ಮರೆತು ಬೇಲಿ ಹಾರಿದವು. ಚುಕ್ಕವ್ವ ಎರಡು ಕೊಂಬಿನ ನಡುವೆ ರೆಕ್ಕೆ ಬಿಚ್ಚಿ ಕೂತು, ಹೆದರಿಕೆಗೋ ಖುಷಿಗೋ ಹುಂಜದ ಹಾಗೆ ಕೂಗುತ್ತಿದ್ದಳು. ಬಾತಜ್ಜಿಯ ಜಗಲಿಯಲ್ಲಿ ಇಳಿದಾಗ ಅಜ್ಜಿ ಬುಟ್ಟಿಗೆ ಬೆನ್ನು ತಿರುಗಿಸಿ, ಮುಖವನ್ನು ರೆಕ್ಕೆಯೊಳಗೆ ಹುದುಗಿಸಿ ಕೂತಿದ್ದಳು.

"ಬಂದ್ಯಾ ತಾಯಿ? ಬೇಗ ಕೂರು. ನಾನಂತೂ ಮುಖ ತೋರಿಸಿಲ್ಲ, ಕತ್ತು ಹಿಡ್ಕೊಂಡುಬಿಟ್ಟಿದೆ."

ಮೊದಲ ಮೊಟ್ಟೆ ಬಿರಿಯಿತು. ಒದ್ದೆ ತಲೆಯೊಂದು ಹೊರಬಂದು, ಕಣ್ಣು ಪಿಳುಕಿಸಿ, ಚುಕ್ಕೆ ಚುಕ್ಕೆಯ ಮುಖವನ್ನು ನೋಡಿ, "ಅವ್ವಾ" ಅಂತು. ಚುಕ್ಕವ್ವ ರೆಕ್ಕೆ ಬಿಚ್ಚಿ ಅದನ್ನು ಒಳಗೆಳೆದುಕೊಂಡಳು. ಎರಡನೆಯದು ಅಂತು, ಮೂರನೆಯದು ಅಂತು. ಕೊಂಬಣ್ಣ ಜಗಲಿಯ ಮುಂದೆ ನಿಂತು ಮೂಗು ಒರೆಸಿಕೊಂಡ. ಗುಡ್ಡದ ಹಿಂದೆ ಸೂರ್ಯ ಮುಳುಗಿದ, ಮೇಲಿನಿಂದ ಇಲ್ಲ ಎನ್ನುವ ಮಾತು ಬರಲೇ ಇಲ್ಲ. ಕೋಣಗಳು ಆ ಕಟ್ಟೆಯನ್ನು ಕೊಂಬು ಕೊಟ್ಟು ಕೆಡವಿದವು, ಅಡಿಯಲ್ಲಿ ಹೂತಿದ್ದ ನೀರು ಮೇಲೆದ್ದಿತು. ಅಂದು ಕೆಸರಿಗೆ ಬಿದ್ದವರಲ್ಲಿ ಕುರಿಗಳೂ ಇದ್ದವು, ಸಾಲಾಗಿ.

ಚುಕ್ಕವ್ವನ ಕೆಲಸ ಹೋಯಿತು ನಿಜ. ಅವಳು ಹುಣಸೆಮರದ ಕೆಳಗೆ ಮಜ್ಜಿಗೆ ಅಂಗಡಿ ಇಟ್ಟಳು. ಮಧ್ಯಾಹ್ನ ಕೋಣಗಳು ಕೆಸರಲ್ಲಿದ್ದಷ್ಟು ಹೊತ್ತು ಗಾಡಿಯ ಜನಕ್ಕೆಲ್ಲ ಅವಳದೇ ಮಜ್ಜಿಗೆ, ಅವಳದೇ ಮಾತು. ಮರಿಗಳು ಅವಳ ಕಾಲು ಬಿಟ್ಟು ಕದಲುತ್ತಿರಲಿಲ್ಲ.

ಮರುವರ್ಷ ಮೊಟ್ಟೆಯ ಕಾಲ ಬಂತು. ಕೊಂಬಣ್ಣನಿಗೆ ಮೇಲಿನ ಅಡ್ಡೆಯಲ್ಲಿ ನೆರಳಿಗೊಂದು ಚಪ್ಪರ ಬೇಕಿತ್ತು. ಕೂತು ಕೇಳುವಷ್ಟು ಸಿಟ್ಟು ಇರಲಿಲ್ಲ, ಸಭೆ ಹೌದು ಅಂದರೆ ಸಾಕಿತ್ತು. ಆದರೆ ಸಭಾಪತಿಗಳು ಮನೆಯಲ್ಲಿ ಕೂತವರು ಏಳದೆ ಸಭೆ ಸೇರುತ್ತಲೇ ಇರಲಿಲ್ಲ. ಇವತ್ತು ನಾಳೆ ಎಂದು ಅಲೆದು ರೋಸಿಹೋದ ಅವನು ಮಜ್ಜಿಗೆ ಅಂಗಡಿಯ ಮುಂದೆ ಗುಡುಗಿದ, "ಒಬ್ಬರು ಕೂತರೆ ಊರೇ ಕೂರಬೇಕಾ? ಊರು ಅಂದ ಮೇಲೆ ಹೊಣೆ ಬೇಡವಾ?"

ಚುಕ್ಕವ್ವ ಸೌಟು ಹಿಡಿದವಳು ಹಾಗೇ ಅವನ ಮುಖ ನೋಡಿದಳು. ಮಕ್ಕಳನ್ನು ಕಟ್ಟಿಕೊಂಡು ಅವನ ಬೆನ್ನೇರಿ, "ನಡಿ, ಕೇಳೇಬಿಡೋಣ" ಅಂದಳು.

ಸಹಸ್ರಾಕ್ಷರ ಕಿಟಕಿಯಲ್ಲಿ ಬಾಲ ಜೋತಿತ್ತು. ಮನೆಯಾಕೆ ಪಡಸಾಲೆಯಲ್ಲಿ ತನ್ನ ಮೊಟ್ಟೆಯ ಮೇಲೆ ತಾನೇ ಕೂತಿದ್ದಳು. ಒಳಗೆ ಸಭಾಪತಿಗಳೂ ಕೂತಿದ್ದರು. ಅವರ ಗರಿ ಅರ್ಧ ಉದುರಿತ್ತು, ಮುಖ ಮಾತ್ರ ಉಂಡೆದ್ದವರ ಹಾಗೆ ತಂಪಾಗಿತ್ತು.

"ಸ್ವಾಮಿ, ಊರಿನ ಕೆಲಸ ನಿಂತಿದೆ" ಅಂದ ಕೊಂಬಣ್ಣ.

"ಮೆಲ್ಲಗೆ ಮಾತಾಡು ಕೊಂಬಣ್ಣ. ಎದ್ದರೆ ಮೊಟ್ಟೆ ತಣ್ಣಗಾಗುತ್ತೆ."

"ಯಾರ ಮೊಟ್ಟೆ?"

"ಗೊತ್ತಿಲ್ಲ ಕಣಯ್ಯ" ಅಂದರು ಸಹಸ್ರಾಕ್ಷರು. "ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಾಗಿಲು ತೆಗೆದೆ, ಯಾರೋ ಬುಟ್ಟಿ ಇಟ್ಟು ಹೋಗಿದ್ದರು. ಮುಟ್ಟಿ ನೋಡಿದೆ, ತಣ್ಣಗಿತ್ತು. ಕೂತೆ."

ಬಾತಜ್ಜಿಗೆ ಮಂಡಿನೋವು ಶುರುವಾಗಿ ಅವಳು ಕಾವಿಗೆ ಕೂರುವುದನ್ನು ಬಿಟ್ಟಿದ್ದು ಕೆಳಪೇಟೆಗೆಲ್ಲ ಗೊತ್ತಿತ್ತು. ಆ ದಿನಗಳಲ್ಲೇ ಒಮ್ಮೆ ಬೆಳಗಿನ ಮೊದಲ ಗಾಡಿಯಲ್ಲಿ ಅಜ್ಜಿ ಸೆರಗು ಮುಚ್ಚಿದ ಬುಟ್ಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಗುಡ್ಡ ಹತ್ತಿದ್ದು, ಇಳಿಯುವಾಗ ಬರಿಗೈಯಲ್ಲಿದ್ದದ್ದು ಕೊಂಬಣ್ಣನಿಗೆ ಈಗ ನೆನಪಾಯಿತು. ಆ ಗಾಡಿ ಎಳೆದವನು ಅವನೇ. ಗುಂಡಿ ಬಂದಲ್ಲೆಲ್ಲ "ಹುಷಾರು ಅಜ್ಜಿ" ಅಂದಿದ್ದ ಕೂಡ.

ಅವನು ಚುಕ್ಕವ್ವನ ಕಡೆ ಕತ್ತು ಹೊರಳಿಸಿದ. ಅವಳು ಮಕ್ಕಳ ಪುಕ್ಕ ಸರಿ ಮಾಡುವ ನೆಪದಲ್ಲಿ ಅತ್ತ ತಿರುಗಿದಳು, ನಗುವಿಗೆ ಅವಳ ಬೆನ್ನು ಕುಲುಕುತ್ತಿತ್ತು. ಆಗ ಬುಟ್ಟಿಯೊಳಗೆ ಟಕ್ ಎಂದಿತು. ಮರಿ ಹೊರಬಂದು ಸಭಾಪತಿಗಳ ಮುಖ ನೋಡಿದ ಮೇಲೆ ಕುಣಿಯುತ್ತದೋ, ಕೂಗುತ್ತದೋ, ಈಜುತ್ತದೋ ಯಾರಿಗೂ ತಿಳಿಯದು. ಕೊಂಬಣ್ಣ ಚಪ್ಪರದ ಮಾತು ನುಂಗಿಕೊಂಡು, ಆ ಬಿಸಿಲಲ್ಲೇ, ಸದ್ದಾಗದ ಹಾಗೆ ಬಾಗಿಲ ಬಳಿ ಕೂತ.