ಪಾಲು ಕೇಳಿದವಳು

೨೦೨೭ನೇ ಇಸವಿ ಮೇ ಹನ್ನೊಂದು, ಮಂಗಳವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಕ್ಯಾಲನೂರಿನ ಹೊರಗಿದ್ದ ರೇಷ್ಮೆ ಹುಳುಮನೆಯೊಳಗೆ ಆಶಾರಾಣಿ ಹಾಲಿನ ಪಾತ್ರೆಯನ್ನು ಬೆಂಕಿಯ ಬೆಳಕಿಗೆ ಓರೆಮಾಡಿ ನೋಡಿದಳು. ತಳದಲ್ಲಿ ಎರಡು ಬೆರಳಿನಷ್ಟು ಹಾಲಿತ್ತು. ಹಿಂದಿನ ದಿನ ಮೂರು ಬೆರಳಿತ್ತು.

"ಇವತ್ತೂ ಕಮ್ಮಿನಾ?" ಎಂದ ಅಲ್ಲೇ ಆಸರೆ ಪಡೆದಿದ್ದ ಓಬೇದುಲ್ಲಾ, ಒಲೆಗೆ ಹಿಪ್ಪುನೇರಳೆ ಕಡ್ಡಿ ಮುರಿದು ಹಾಕುತ್ತಾ. "ಸಂಬಳ ಕೊಡಲ್ಲ ಅಂತ ನಿಮ್ಮ ಹಸು ಸ್ಟ್ರೈಕ್ ಮಾಡ್ತಾವ್ಳೆ ಕಣಮ್ಮಾ."

ಮೂಲೆಯಲ್ಲಿ ಹಸು ತನ್ನ ಪಕ್ಕೆಲುಬುಗಳನ್ನು ಗೋಡೆಗೆ ಒರಗಿಸಿ ನಿಂತಿತ್ತು. ಅದಕ್ಕೂ ಉಳಿದದ್ದು ಅದೇ ಕಡ್ಡಿ, ಮತ್ತೆ ಒಂದಿಷ್ಟು ರಾಗಿ ಹುಲ್ಲು.

ಬೇರೆ ವರ್ಷವಾಗಿದ್ದರೆ ಈ ಹೊತ್ತಿಗೆ ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನ ಲಾರಿಗಳು ಸಾಲುಗಟ್ಟಿರುತ್ತಿದ್ದವು. ಕಳೆದ ಆಗಸ್ಟಿನಲ್ಲಿ ಆಕಾಶಕ್ಕೆ ಬೂದಿ ಕವಿಯಿತು. ಎಲ್ಲೋ ಬೆಟ್ಟ ಸಿಡಿಯಿತೆಂದು ರೇಡಿಯೊ ಮೊದಲು ಹೇಳಿತು, ಬಾಂಬೆಂದು ಆಮೇಲೆ ಹೇಳಿತು, ಅದಾದ ಮೇಲೆ ಏನನ್ನೂ ಹೇಳಲಿಲ್ಲ. ದೀಪಾವಳಿಗೆ ಕೆರೆಯ ಅಂಚು ಹೆಪ್ಪುಗಟ್ಟಿತು, ಸಂಕ್ರಾಂತಿಗೆ ಕೆರೆಯೇ ಕಲ್ಲಾಯಿತು. ಈಗ ಮುಳಬಾಗಿಲಿನಿಂದ ಮಾಲೂರಿನವರೆಗೆ ನೆಲವೆಲ್ಲ ಒಂದೇ ಬಿಳುಪು. ಆ ಬಿಳುಪಿನಲ್ಲಿ ಹೊಗೆ ಏಳುವ ಕಡೆ ಜನ ಇದ್ದರು, ಏಳದ ಕಡೆ ಇರಲಿಲ್ಲ.

ಹುಳುಮನೆಯನ್ನು ಕಟ್ಟಿಸಿದವನು ಆಶಾರಾಣಿಯ ಗಂಡ ಕಾಂತರಾಜ್. ರೇಷ್ಮೆ ಹುಳಕ್ಕೆ ಶೀತ ತಗಲಬಾರದೆಂದು ಅವನು ಮಾಡಿಸಿದ ದಪ್ಪ ಮಣ್ಣಿನ ಗೋಡೆಯೇ ಈಗ ನಾಲ್ವರು ದೊಡ್ಡವರು, ಒಂದು ಹಸು, ಒಂದು ಕೂಸನ್ನು ಉಳಿಸಿಕೊಂಡಿತ್ತು. ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳು ಎಂದೋ ಒಲೆ ಸೇರಿದ್ದವು.

ಆಶಾರಾಣಿಯ ಕೂಸು ಶಿವಾನಿಗೆ ಐದು ತಿಂಗಳು. ರೇಷ್ಮೆ ಗೂಡು ತೂಗುತ್ತಿದ್ದ ಸ್ಪ್ರಿಂಗ್ ತಕ್ಕಡಿಗೆ ಬಟ್ಟೆಯ ಜೋಳಿಗೆ ಕಟ್ಟಿ ಆಶಾರಾಣಿ ಅವಳನ್ನು ವಾರಕ್ಕೊಮ್ಮೆ ತೂಗುತ್ತಿದ್ದಳು. ಬಿ.ಎಸ್ಸಿ. ಓದಿ ಊರ ಡೇರಿಯಲ್ಲಿ ಹಾಲಿನ ಡಿಗ್ರಿ ನೋಡುತ್ತಿದ್ದವಳು. ಅಳೆಯದೆ ಯಾವುದನ್ನೂ ನಂಬುತ್ತಿರಲಿಲ್ಲ. ನಿನ್ನೆ ಮುಳ್ಳು ನಾಲ್ಕು ಕಿಲೋ ಇನ್ನೂರರಲ್ಲಿ ನಿಂತಿತ್ತು. ಹಿಂದಿನ ವಾರವೂ ಅಲ್ಲಿಯೇ ನಿಂತಿತ್ತು. ಕಾಂತರಾಜ್ ಸತ್ತ ತಿಂಗಳೇ ಅವಳ ಎದೆಹಾಲು ನಿಂತುಹೋಗಿತ್ತು. ಪಾತ್ರೆಯ ತಳದ ಈ ಎರಡು ಬೆರಳು ಬತ್ತಿದರೆ ಮುಳ್ಳು ಹಿಂದಕ್ಕೆ ಬರುತ್ತದೆ. ಆಮೇಲೆ ಎಷ್ಟು ದಿನ ಎಂಬ ಲೆಕ್ಕ ಅವಳಿಗೆ ಬರುತ್ತಿತ್ತು, ಮಾಡಿರಲಿಲ್ಲ.

ಶಿವಾನಿ ಹಸಿದು ಅಳತೊಡಗಿದಳು. ಆಗ ಬಾಗಿಲು ಬಡಿದ ಸದ್ದಾಯಿತು.

ಓಬೇದುಲ್ಲಾ ಮಚ್ಚು ತೆಗೆದುಕೊಂಡು ಎದ್ದ. ಅವನ ಹೆಂಡತಿ ರಹಮತುನ್ನೀಸಾ ಕೂಸನ್ನು ತೊಡೆಗೆ ಎಳೆದುಕೊಂಡಳು. ಆಶಾರಾಣಿಯ ಮಾವ ಮುನಿಯಲ್ಲಪ್ಪ ಮಾತ್ರ ಕೂತಲ್ಲೇ ಇದ್ದ. ಹಿಮಗಾಳಿ ಅವನ ಕಿವಿಗಳನ್ನು ತಿಂದುಹಾಕಿದ್ದರಿಂದ ಹತ್ತಿರ ಕೂಗಿದರಷ್ಟೇ ಕೇಳಿಸುತ್ತಿತ್ತು. ಎಲ್ಲರೂ ಏಳುವುದನ್ನು ನೋಡಿ ಅವನೂ ಎದ್ದು ಅಗುಳಿಯ ಮೇಲೆ ಕೈಯಿಟ್ಟ. ಅಗುಳಿ ತೆಗೆಯುವ ಹಕ್ಕು ಅವನೊಬ್ಬನದೇ.

ಆ ನಿಯಮ ಬಂದದ್ದು ಫೆಬ್ರವರಿಯಲ್ಲಿ. ಹೆದ್ದಾರಿಯ ಕಡೆಯಿಂದ ಬಂದ ಗುಂಪೊಂದು ಹೆಂಗಸೊಬ್ಬಳನ್ನು ಬಾಗಿಲಲ್ಲಿ ನಿಲ್ಲಿಸಿ "ನಮ್ಮ ಪಾಲು ಕೊಡಿ" ಎಂದು ಕೂಗಿಸಿತ್ತು. ಕಾಂತರಾಜ್ ಮರುಗಿ ಅಗುಳಿ ತೆಗೆದ. ಹೊಸಿಲ ಮೇಲೆಯೇ ಸತ್ತ. ಎರಡು ಹಸುಗಳಲ್ಲಿ ಒಂದನ್ನು, ರಾಗಿಯಲ್ಲಿ ಮುಕ್ಕಾಲು ಭಾಗವನ್ನು ಅವರು ಹೊಡೆದುಕೊಂಡು ಹೋದರು. ಅಂದಿನಿಂದ ಮುನಿಯಲ್ಲಪ್ಪನಿಗೆ ಪಾಲು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮುಖ ಕಪ್ಪಾಗುತ್ತಿತ್ತು. ಹಸಿವು ಅಂದವರನ್ನು, ಚಳಿ ಅಂದವರನ್ನು ಅವನು ತಿರುಗಿಸಿ ಕಳಿಸಿದ್ದಿಲ್ಲ. ಓಬೇದುಲ್ಲಾ ದಂಪತಿ ಹಾಗೆಯೇ ಒಳಗೆ ಬಂದವರು. ಪಾಲು ಅಂದವರಿಗೆ ಮಾತ್ರ ಬಾಗಿಲಿಲ್ಲ.

ಆಶಾರಾಣಿ ಕಿಟಕಿಯ ಗೋಣಿ ಸರಿಸಿ, ರೇಷ್ಮೆ ಹುಳಕ್ಕೆ ಕಾಟ ಕೊಡುವ ಊಜಿ ನೊಣ ಬಾರದಂತೆ ಬಡಿದಿದ್ದ ಜಾಲರಿಯಲ್ಲಿ ಕಣ್ಣಿಟ್ಟಳು. ಒಬ್ಬಳೇ ಹೆಂಗಸು. ರೆಪ್ಪೆಗಳ ಮೇಲೆ ಹಿಮ. ಎದೆಗೆ ಒಂದು ಕೌದಿಯ ಗಂಟನ್ನು ಎರಡೂ ಕೈಯಿಂದ ಅವಚಿಕೊಂಡಿದ್ದಳು. ಗಂಟಿನ ತುದಿಯಲ್ಲಿ ಒಂದು ಪುಟ್ಟ ಉಣ್ಣೆಯ ಟೋಪಿ ಕಾಣುತ್ತಿತ್ತು.

ಹೆಂಗಸು ಬಾಯಿ ತೆರೆದಳು. ದವಡೆ ಮರಗಟ್ಟಿತ್ತು, ಮಾತು ತುಂಡುತುಂಡಾಗಿ ಬಂತು.

"ಅಮ್ಮಾ... ಪಾಲು... ಉಂ... ಪಾಲು..."

ಆಶಾರಾಣಿಯ ತವರು ಗೌನಿಪಲ್ಲಿಯ ಆಚೆ, ಆಂಧ್ರದ ಗಡಿಯ ಅಂಚಿನ ಹಳ್ಳಿ. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಹಾಲಿಗೆ ಅವಳು ಕಲಿತ ಮೊದಲ ಹೆಸರೇ ಪಾಲು. ಹೊರಗಿನವಳು ಆಸ್ತಿ ಹಂಚಿಕೊಳ್ಳಲು ಬಂದವಳಲ್ಲ, ತೆಲುಗಿನಲ್ಲಿ ಹಾಲು ಎನ್ನುತ್ತಿದ್ದಾಳೆ ಎಂಬುದು ಅವಳಿಗೆ ಯೋಚಿಸುವ ಮೊದಲೇ ತಿಳಿದುಹೋಯಿತು. ಕೌದಿಯೊಳಗೆ ಕೂಸಿದೆ. ಕೂಸಿಗೆ ಹಾಲು ಬೇಕಾಗಿದೆ. ಹಾಲು ಇರುವುದು ಎರಡು ಬೆರಳು.

"ಯಾರಮ್ಮಾ ಅದು?" ಮುನಿಯಲ್ಲಪ್ಪ ಕಿವಿ ಚಾಚಿ ಕೇಳಿದ.

"ಯಾರೋ ಹೆಂಗಸು, ಮಾವ."

"ಏನಂತೆ? ಏನ್ ಕೇಳ್ತಾವ್ಳೆ?"

ಅವನ ಕೈ ಅಗುಳಿಯ ಮೇಲೆಯೇ ಇತ್ತು. ಹಾಲು ಅಂದರೆ ಅವನು ತೆಗೆಯುತ್ತಾನೆ. ಹೆಂಗಸು, ಕೂಸು, ಹಾಲು ಎಂದರೆ ಖಂಡಿತ ತೆಗೆಯುತ್ತಾನೆ. ಆಶಾರಾಣಿ ಅವನ ಕಿವಿಯ ಹತ್ತಿರ ಬಾಗಿ, ಕೇಳಿದ ಮಾತನ್ನೇ ಒಂದಕ್ಷರ ಬದಲಿಸದೆ ಹೇಳಿದಳು.

"ಪಾಲು ಕೇಳ್ತಾವ್ಳೆ, ಮಾವ."

ಮುನಿಯಲ್ಲಪ್ಪ ಬೆಂಕಿ ಮುಟ್ಟಿದವನಂತೆ ಅಗುಳಿಯಿಂದ ಕೈ ತೆಗೆದ. "ಪಾಲಾ? ಇವರಪ್ಪ ಬರೆದಿಟ್ಟು ಹೋದ ಆಸ್ತಿನಾ ಇದು? ಅವತ್ತೂ ಹಿಂಗೇ ಒಬ್ಬಳನ್ನ ಮುಂದೆ ಬಿಟ್ಟಿದ್ರು. ನನ್ ಮಗನ್ನ ತಿಂದಿದ್ದು ಸಾಲಲಿಲ್ವೇನೇ ನಿಮ್ಗೆ?" ಎಂದು ಬಾಗಿಲಿಗೆ ಕೂಗಿದ. "ಸಾಬ್ರೇ, ಬೀಸೋ ಕಲ್ಲು ಉರುಳಿಸ್ರಿ ಇಲ್ಲಿಗೆ."

ರಹಮತುನ್ನೀಸಾ ಎದ್ದು ಬಂದಳು. "ತಡೀರಿ ಅಣ್ಣಾ, ದನಿ ಅಳೋ ಥರ ಇದೆ. ಆಶಾ, ಅವಳ ಕೈಲಿ ಏನಿದೆಯೇ? ಮಗುನಾ?"

"ಗಂಟು ಆಪಾ. ಬರೀ ಗಂಟು."

ಓಬೇದುಲ್ಲಾ ಬೀಸುವ ಕಲ್ಲನ್ನು ಹೊಸಿಲಿಗೆ ಅಡ್ಡವಾಗಿ ಉರುಳಿಸಿದ. ಆಶಾರಾಣಿ ಗೋಣಿಯನ್ನು ಮತ್ತೆ ಕಿಟಕಿಗೆ ಎಳೆದಳು.

ಬಡಿತ ನಿಲ್ಲಲಿಲ್ಲ. ಆಶಾರಾಣಿ ಹಾಲನ್ನು ಬೆಚ್ಚಗೆ ಮಾಡಿ, ಬಟ್ಟೆಯ ಬತ್ತಿ ಅದ್ದಿ ಕೂಸಿಗೆ ಚೀಪಿಸಿದಳು. ಎರಡು ಬೆರಳು ಹಾಲು ಬೇಗ ಮುಗಿಯಿತು. ಶಿವಾನಿ ಖಾಲಿ ಬತ್ತಿ ಚೀಪಿ, ಮೋಸ ತಿಳಿದು, ಕಿರುಚಿ ಅತ್ತಳು. ಅವಳು ಅತ್ತಾಗಲೆಲ್ಲ ಹೊರಗಿನ ಬಡಿತ ಜೋರಾಗುತ್ತಿತ್ತು. ಅವಳು ಸುಮ್ಮನಾದರೆ ಅದೂ ಸುಮ್ಮನಾಗುತ್ತಿತ್ತು. ಒಳಗೊಂದು ಕೂಸಿದೆ, ಅದಕ್ಕೆ ಹಾಲು ಸಿಗುತ್ತಿದೆ ಎಂದು ತಿಳಿದು ಬಡಿಯುತ್ತಿದ್ದಾಳೆ ಎಂದುಕೊಂಡಳು ಆಶಾರಾಣಿ. ಕೂಸಿನ ಬಾಯಿಗೆ ತನ್ನ ಬೆರಳಿಟ್ಟು ಅಳು ನಿಲ್ಲಿಸಿದಳು. ಮಧ್ಯಾಹ್ನದ ಹೊತ್ತಿಗೆ, ಕೂಸು ಮತ್ತೆ ಅತ್ತಾಗ, ಬಾಗಿಲನ್ನು ಉಗುರಿನಿಂದ ಕೆರೆದಂತೆ ಒಂದು ಸದ್ದು ಬಂತು. ಸಂಜೆ ಅತ್ತಾಗ ಏನೂ ಬರಲಿಲ್ಲ.

ಮರುದಿನ ಬೆಳಗ್ಗೆ ಮುನಿಯಲ್ಲಪ್ಪ ಅಗುಳಿ ತೆಗೆದ, ಓಬೇದುಲ್ಲಾ ಕಲ್ಲು ಸರಿಸಿ ಬಾಗಿಲು ತಳ್ಳಿದ. ಬಾಗಿಲು ತೆರೆಯಲಿಲ್ಲ. ಇಬ್ಬರು ಸೇರಿ ಭುಜ ಕೊಟ್ಟಾಗ ಹೊರಗೆ ಏನೋ ಕಟ್ಟಿಗೆಯಂತೆ ಹೊರಳಿತು. ಅವಳು ಬಾಗಿಲಿಗೆ ಒರಗಿ ಕೂತಿದ್ದಳು. ಹೊರಳಿದ ಮೇಲೂ ಕೂತಂತೆಯೇ ಇದ್ದಳು. ತೋಳುಗಳು ಗಂಟನ್ನು ಬಿಡಲಿಲ್ಲ. ಓಬೇದುಲ್ಲಾ ಹಾರೆಯ ತುದಿಯಿಂದ ಮೀಟಿ ಬಿಡಿಸಬೇಕಾಯಿತು.

"ಒಳಗೆ ತರಬೇಡಿ ಅದನ್ನ," ಎಂದಳು ಆಶಾರಾಣಿ. "ಅಲ್ಲೇ ಬಿಡಿ."

"ಗಂಟು ಅಂದ್ಯಲ್ಲೇ ನೀನು," ಎಂದಳು ರಹಮತುನ್ನೀಸಾ. "ಗಂಟಿಗೇನು ಭಯ?" ಅವಳೇ ಗಂಟನ್ನು ಒಳಗೆ ತಂದು ಬೆಂಕಿಯ ಮುಂದೆ ಬಿಚ್ಚಿದಳು.

ಕೌದಿಯ ಒಳಗೆ ಕೂಸಿರಲಿಲ್ಲ. ಉಣ್ಣೆಯ ಟೋಪಿ ಇತ್ತು, ನಿಪ್ಪಲ್ ಸವೆದುಹೋದ ಒಂದು ಹಾಲಿನ ಬಾಟಲಿ ಇತ್ತು. ಉಳಿದದ್ದೆಲ್ಲ ಪೊಟ್ಟಣಗಳು, ಒಂದರ ಮೇಲೊಂದು ಒತ್ತಿಟ್ಟವು, ಒಂದೂ ಒಡೆಯದವು. ಮೇಲೆ ಹಸುವಿನ ಚಿತ್ರ, ತೆಲುಗಿನ ದಪ್ಪ ಅಕ್ಷರ. ಮುನಿಯಲ್ಲಪ್ಪ ಒಂದನ್ನು ಬೆಳಕಿಗೆ ಹಿಡಿದು, ಕನ್ನಡವನ್ನೇ ಹೋಲುವ ಆ ಅಕ್ಷರಗಳನ್ನು ಕೂಡಿಸಿ ಓದಿದ.

"ಪಾಲ... ಪೊಡಿ." ಹಸುವಿನ ಚಿತ್ರ ನೋಡಿ ಇನ್ನೊಮ್ಮೆ ಓದಿದ. "ಹಾಲಿನ ಪುಡಿ."

ಆಶಾರಾಣಿಗೆ ಆಗ ಆ ಉಂ ಕೇಳಿಸಿತು. ಅದನ್ನು ಅವಳು ನರಳಿಕೆ ಎಂದುಕೊಂಡಿದ್ದಳು. ತವರಿನಲ್ಲಿ ಅವ್ವ ಪಾತ್ರೆ ಎತ್ತಿ ನೋಡಿ ಹೇಳುತ್ತಿದ್ದ ಮಾತು ಅದು: ಪಾಲು ಉಂಡಾಯಿ. ಹಾಲಿದೆ. ಆ ಹೆಂಗಸು ಏನನ್ನೂ ಕೇಳಿರಲಿಲ್ಲ. ಕುಡಿಯುವ ಕೂಸು ಸತ್ತುಹೋದ ಮೇಲೆ ಉಳಿದ ಹಾಲಿನ ಪುಡಿಯನ್ನು ಎದೆಗವಚಿಕೊಂಡು, ಹೊಗೆ ಕಂಡ ಕಡೆ ನಡೆದು ಬಂದಿದ್ದಳು. ಒಳಗೆ ಹಸಿದ ಕೂಸು ಅಳುವುದು ಕೇಳಿ ಬಾಗಿಲು ಬಡಿದಿದ್ದಳು.

ಮುನಿಯಲ್ಲಪ್ಪ ಪೊಟ್ಟಣವನ್ನು ನೆಲದ ಮೇಲಿಟ್ಟ. ಸೊಸೆಯ ಕಡೆ ನೋಡದೆ ಕೇಳಿದ: "ನೀನು ಗೌನಿಪಲ್ಲಿ ಕಡೆಯೋಳಲ್ವೇನಮ್ಮಾ?"

"ಹೌದು ಮಾವ."

ಮೂಲೆಯಲ್ಲಿ ಶಿವಾನಿ ಎದ್ದು ಅಳತೊಡಗಿದಳು. ಬಾಗಿಲ ಕಡೆಯಿಂದ ಸದ್ದು ಬರುತ್ತದೆಯೇನೋ ಎಂಬಂತೆ ರಹಮತುನ್ನೀಸಾ ತಿರುಗಿ ನೋಡಿದಳು.

"ನೀರು ಕಾಯಿಸು," ಎಂದ ಮುನಿಯಲ್ಲಪ್ಪ.

ನೆಲ ಅಗೆಯಲು ಬರುತ್ತಿರಲಿಲ್ಲ. ಹೆಂಗಸಿನ ಸ್ವೆಟರು, ಸಾಕ್ಸು, ಬೂಟುಗಳನ್ನು ತೆಗೆದುಕೊಂಡು ಓಬೇದುಲ್ಲಾ ಅವಳನ್ನು ಹಿಪ್ಪುನೇರಳೆ ತೋಟದ ಕಾಲುವೆಗೆ ಎಳೆದುಹಾಕಿದ. ಬೂಟು ಆಶಾರಾಣಿಗೆ ಸರಿಹೋಯಿತು. ಮುಂದಿನ ವಾರ ಹಸುವನ್ನು ಕಡಿದರು. ಹಾಲಿಗಾಗಿ ಅದನ್ನು ಉಳಿಸಿಕೊಳ್ಳುವ ಕಾರಣ ಈಗಿರಲಿಲ್ಲ. ರಹಮತುನ್ನೀಸಾ ಮಾಂಸ ತಿಂದಳು, ಮುನಿಯಲ್ಲಪ್ಪ ತಿನ್ನಲಿಲ್ಲ. ಆಶಾರಾಣಿಯೊಂದಿಗೆ ಅವರಿಬ್ಬರೂ ಬೇಕಾದಷ್ಟೇ ಮಾತಾಡುತ್ತಿದ್ದರು.

ಸವೆದ ನಿಪ್ಪಲನ್ನು ಶಿವಾನಿ ಬೇಗನೆ ಒಪ್ಪಿಕೊಂಡಳು. ಟೋಪಿಯೂ ಅವಳ ತಲೆಗೆ ಹಿಡಿಸಿತು. ಪುಡಿಯ ಅಳತೆ, ನೀರಿನ ಅಳತೆ ಎರಡನ್ನೂ ಆಶಾರಾಣಿ ಒಂದು ದಿನವೂ ತಪ್ಪಿಸಲಿಲ್ಲ. ಜೂನ್ ಒಂದರಂದು ಬೆಳಗ್ಗೆ ಅವಳು ಜೋಳಿಗೆಯನ್ನು ತಕ್ಕಡಿಗೆ ಸಿಕ್ಕಿಸಿ, ತೂಗಾಟ ನಿಲ್ಲುವವರೆಗೆ ಕಾದು, ಟೋಪಿ ತೆಗೆದಿಟ್ಟು ಇನ್ನೊಮ್ಮೆ ನೋಡಿದಳು. ಕೂಸಿನ ತೂಕ ನಾಲ್ಕು ಕಿಲೋ ಎಂಟುನೂರ ಐವತ್ತು ಗ್ರಾಂ.