ಲಕೋಟೆಯ ಮೇಲೆ ಎರಡು ಸಹಿ

ಕ್ರೇನ್ ಕ್ರೀಕಿನ ವೃದ್ಧಾಶ್ರಮದಲ್ಲಿ ಮತ ಹಾಕಿಸಲು ನಾನೂ ಲವಾನೂ ಹೋಗತೊಡಗಿ ಹದಿನೆಂಟು ವರ್ಷವಾಗಿತ್ತು. ನಮ್ಮ ವಿಸ್ಕಾನ್ಸಿನ್ ರಾಜ್ಯದಲ್ಲಿ ಕಾನೂನೇ ಹಾಗಿದೆ. ಹಾಸಿಗೆ ಬಿಟ್ಟು ಬರಲಾರದವರ ಬಳಿಗೆ ಮತಪತ್ರವೇ ಹೋಗಬೇಕು. ಒಯ್ಯುವವರು ಇಬ್ಬರಿರಬೇಕು, ಒಬ್ಬರು ಈ ಪಕ್ಷದವರು, ಇನ್ನೊಬ್ಬರು ಆ ಪಕ್ಷದವರು. ಲಕೋಟೆಯ ಮೇಲೆ ಇಬ್ಬರೂ ಸಹಿ ಮಾಡಿದರೆ ಅದು ಮತ. ಒಂದು ಸಹಿ ತಪ್ಪಿದರೆ ಬರೀ ಕಾಗದ. ನಾನು ಡೆಮಾಕ್ರಟ್, ಲವಾನ್ ರಿಪಬ್ಲಿಕನ್. ಅದಕ್ಕೂ ಮುಂಚೆ ನಾವಿಬ್ಬರೂ ಚೀಸ್ ಕಾರ್ಖಾನೆಯಲ್ಲಿ ಒಂದೇ ಮೇಜಿನ ಎರಡು ಬದಿಗೆ ನಿಂತು ಇಪ್ಪತ್ತೊಂದು ವರ್ಷ ಚೀಸ್ ಕತ್ತರಿಸಿದವರು.

ಕಾರಿನಲ್ಲಿ ರಾಜಕೀಯ ಎತ್ತಬಾರದೆಂದು ನಾವೇ ಕಟ್ಟಳೆ ಮಾಡಿಕೊಂಡಿದ್ದೆವು. ಮಂಡಿನೋವು, ಟೊಮೇಟೊ, ಊರವರೆಲ್ಲ ಸೇರುವ ಶುಕ್ರವಾರದ ಮೀನೂಟಕ್ಕೆ ಯಾರು ಯಾರ ಜೊತೆ ಬಂದರು, ಇಷ್ಟರಲ್ಲೇ ದಾರಿ ಮುಗಿಯುತ್ತಿತ್ತು.

ಆ ಬೇಸಿಗೆಯಲ್ಲಿ ಲವಾನಳ ಅಣ್ಣನ ಮಗ ಡ್ವೇನನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ನಾಲ್ವರು ಹೊಂಡುರಾಸಿನವರನ್ನು ಒಂದು ಬೆಳಿಗ್ಗೆ ವಲಸೆ ಅಧಿಕಾರಿಗಳು ಬಂದು, ಕಾಗದಪತ್ರವಿಲ್ಲವೆಂದು ಹಿಡಿದುಕೊಂಡು ಹೋದರು. ಅವತ್ತು ಲವಾನಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ.

"ಒಳ್ಳೇ ಹುಡುಗ್ರು, ಇಲ್ಲ ಅನ್ನಲ್ಲ," ಎಂದಳು ಅವಳು. "ಆದ್ರೆ ಕಾನೂನು ಅಂದ್ರೆ ಕಾನೂನು ಕಣೇ, ಆರ್ಡಿಸ್."

"ಹಾಗಿದ್ರೆ ನಾಳೆಯಿಂದ ಡ್ವೇನನ ಹಸುಗಳನ್ನೂ ಕಾನೂನೇ ಕರೀಲಿ ಬಿಡು," ಎಂದೆ ನಾನು.

ಅವಳು ನಕ್ಕಳು, ನಿಜ ಹೇಳಬೇಕೆಂದರೆ. ನಾನು ಅಲ್ಲಿಗೆ ಬಿಡಬೇಕಿತ್ತು. ಮನೆಗೆ ಬಂದು ಅದೇ ಮಾತನ್ನು ಫೇಸ್‌ಬುಕ್ಕಿನಲ್ಲಿ ಬರೆದೆ. ಊರೆಲ್ಲ ಓದಿತು. ಆಗಸ್ಟಿನಲ್ಲಿ ಡ್ವೇನ್ ಹಾಲು ಕರೆಯುವವರಿಲ್ಲದೆ ಅರ್ಧ ಹಸುಗಳನ್ನು ಮಾರಿದ. ಲವಾನ್ ನನ್ನನ್ನು ಒಂದು ಮಾತೂ ಕೇಳಲಿಲ್ಲ. ತನ್ನ ಅಂಗಳದಲ್ಲಿ ತನ್ನ ಅಭ್ಯರ್ಥಿಯ ಫಲಕ ನೆಟ್ಟಳು. ನಾನು ನನ್ನಂಗಳದಲ್ಲಿ ಇನ್ನೂ ದೊಡ್ಡದನ್ನು ನೆಟ್ಟೆ.

ಅಕ್ಟೋಬರಿನ ಆ ಮಂಗಳವಾರ ನಾವು ಹೆಡ್ವಿಗಮ್ಮನ ಕೋಣೆಗೆ ಹೋದಾಗ ಮಧ್ಯಾಹ್ನದ ಊಟವಾಗಿತ್ತು. ಹೆಡ್ವಿಗಮ್ಮನಿಗೆ ತೊಂಬತ್ತನಾಲ್ಕು. ಮೂವತ್ತು ವರ್ಷ ಊರಿನ ಶಾಲೆಯ ಅಡುಗೆಯವರಾಗಿದ್ದವರು; ನನ್ನ ಮೂರೂ ಮಕ್ಕಳು ಅವರ ಕೈಯಡುಗೆ ಉಂಡಿದ್ದಾರೆ. ಮತ ಹಾಕುವ ವಯಸ್ಸು ಬಂದಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿಕೊಂಡವರಲ್ಲ.

"ಬಂದ್ರಾ ಹುಡುಗೀರಾ?" ಎಂದರು. ನಮಗಿಬ್ಬರಿಗೂ ಎಪ್ಪತ್ತಾರು. "ಸ್ವಲ್ಪ ತಡೀರಿ, ರಾಲ್ಫ್ ಬರ್ಲಿ. ಗಾಡಿ ನಿಲ್ಸೋಕೆ ಹೋಗಿದಾನೆ."

ಅವರ ಗಂಡ ರಾಲ್ಫ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

"ರಾಲ್ಫ್ ಬರೋದು ತಡ ಆಗತ್ತೆ, ಹೆಡ್ವಿಗಮ್ಮ," ಎಂದಳು ಲವಾನ್ ಮೆಲ್ಲಗೆ. "ನಿಮ್ಮದನ್ನ ನೀವು ಹಾಕಿ." ಅವಳು ಹೆಸರುಗಳನ್ನು ಒಂದೊಂದಾಗಿ ಓದಿದಳು. ಹೆಡ್ವಿಗಮ್ಮ ಲವಾನಳ ಪಕ್ಷದವನ ಹೆಸರಿನ ಮೇಲೆ ಬೆರಳಿಟ್ಟರು. ಕೆಳಗಿನ ಹುದ್ದೆಗಳಿಗೂ ಅದೇ ಪಕ್ಷ.

"ಇದೇನಾ? ಖಂಡಿತಾನಾ?" ಎಂದೆ ನಾನು. ಹದಿನೆಂಟು ವರ್ಷದಲ್ಲಿ ಯಾರನ್ನೂ ಹಾಗೆ ಎರಡನೇ ಸಲ ಕೇಳಿದವಳಲ್ಲ.

"ನಿನ್ನ ಮಕ್ಕಳಿಗೆ ಏನು ಬಡಿಸ್ದೆ ಅಂತ ನೀನು ಯಾವತ್ತಾದ್ರೂ ಬಂದು ಕೇಳಿದ್ಯಾ? ಈಗ ಇದನ್ನ ಕೇಳೋಕೆ ಬಂದ್ಲು!"

ಲವಾನ್ ನಕ್ಕುಬಿಟ್ಟಳು. ಮತಪತ್ರ ಮಡಿಸಿ ಲಕೋಟೆ ಅಂಟಿಸಿಯಾಯಿತು. ಹೆಡ್ವಿಗಮ್ಮ ಅದರ ಮೇಲೆ ತಮ್ಮ ಹೆಸರು ಬರೆದರು. ಲವಾನ್ ಸಹಿ ಮಾಡಿ ಲಕೋಟೆಯನ್ನು ನನ್ನ ಕಡೆ ಸರಿಸಿದಳು. ನಾನು ಪೆನ್ನಿನ ಮುಚ್ಚಳ ಹಾಕಿದೆ.

"ನಾನು ಮಾಡಲ್ಲ, ಲವಾನ್."

ಅವಳು ನನ್ನ ತೋಳು ಹಿಡಿದು ಹೊರಗಿನ ಮೊಗಸಾಲೆಗೆ ಕರೆತಂದಳು. "ಏನಾಯ್ತೇ ನಿಂಗೆ?"

"ಅವರಿಗೆ ತಿಳಿವಿಲ್ಲ. ಸತ್ತ ಗಂಡನ್ನ ಕಾಯ್ತಾ ಕೂತಿದಾರೆ."

"ಮತ ಹಾಕೋಕೆ ಬದುಕಿರೋ ಗಂಡ ಬೇಕು ಅಂತ ಎಲ್ಲಿ ಬರೆದಿದೆ? ಹಾಗಿದ್ರೆ ನಿಂದೂ ನಂದೂ ಮೊದ್ಲು ಹರಿದುಹಾಕು. ಯಾರಿಗೆ ಬುದ್ಧಿ ನೆಟ್ಟಗಿದೆ, ಯಾರಿಗಿಲ್ಲ ಅಂತ ನ್ಯಾಯಾಧೀಶರು ಹೇಳ್ಬೇಕು, ನಾವಲ್ಲ. ಆ ನಿಯಮದ ಪುಸ್ತಕ ನಂಗೆ ಓದಿ ಹೇಳಿಕೊಟ್ಟೋಳೇ ನೀನು."

ನಾನು ಪೆನ್ನನ್ನು ಜೇಬಿಗೆ ಸೇರಿಸಿದೆ.

"ನಾಲ್ಕು ವರ್ಷದ ಹಿಂದೆ ಇಲ್ಲೇ ಇದ್ದ ಮುದುಕ ಐನಾರ್ ನಿನ್ನನ್ನ 'ಮಮ್ಮಾ' ಅಂತ ಕರೆದ," ಎಂದಳು. "ಸೂಪ್ ಕುಡಿಸು ಅಂತ ಅತ್ತ. ಆಮೇಲೆ ನಿಮ್ಮೋರ ಹೆಸರಿನ ಮೇಲೆ ಬೆರಳಿಟ್ಟ. ನಾನು ಸಹಿ ಮಾಡಿದ್ನೋ ಇಲ್ವೋ?"

"ಮಾಡ್ದೆ."

"ಯಾಕೆ ಮಾಡ್ದೆ ಅಂತ ಗೊತ್ತಾ? ನೀನು ಮಾಡಿದ್ದೆ, ಅದಕ್ಕೆ."

ಆದರೂ ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಆ ಹೊತ್ತಿನಲ್ಲಿ ನನ್ನೊಳಗೆ ಒಂದು ಬಗೆಯ ತಣ್ಣನೆಯ ಸಮಾಧಾನವಿತ್ತು, ಅದನ್ನು ಮುಚ್ಚಿಡಲಾರೆ. ಲಕೋಟೆಯ ಮೇಲೆ "ಅಸಿಂಧು" ಎಂದು ಬರೆದು ಬೇರೆ ಕವರಿಗೆ ಸೇರಿಸಿದೆವು. ಒಳಗೆ ಹೆಡ್ವಿಗಮ್ಮ, ಮತ ಹಾಕಿದವರಿಗೆ ಕೊಡುವ ಗುಂಡನೆಯ ಚೀಟಿ ಎಲ್ಲಿ ಎಂದು ಕೇಳುತ್ತಿದ್ದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ನಾನೇ ಅವರ ಸ್ವೆಟರಿಗೆ ಅಂಟಿಸಿ ಬಂದೆ.

ಬುಧವಾರ ಕೈಗೆ ಕೆಲಸ ಹತ್ತಲಿಲ್ಲ. ಐನಾರ್ ಮಗುವಿನಂತೆ ನನ್ನ ಕೋಟಿನ ಅಂಚು ಹಿಡಿದು ಅತ್ತಿದ್ದು ಚೆನ್ನಾಗಿ ನೆನಪಿತ್ತು. ಅವನ ಮತಕ್ಕೆ ಸಹಿ ಮಾಡುವಾಗ ನನ್ನ ಕೈ ಒಂದಿಷ್ಟೂ ತಡೆದಿರಲಿಲ್ಲ. ಗುರುವಾರ ಬೆಳಿಗ್ಗೆ ಪಟ್ಟಣದ ಕಚೇರಿಗೆ ಫೋನು ಮಾಡಿ, ಹೆಡ್ವಿಗಮ್ಮನ ಬಳಿಗೆ ಇನ್ನೊಮ್ಮೆ ಹೋಗಲು ಅನುಮತಿ ಕೇಳಿದೆ. ಹೊಸ ಮತಪತ್ರ ಕೊಡುತ್ತೇವೆ, ಆದರೆ ಮತದಾರರೇ ಒಪ್ಪಿ ಹಾಕಬೇಕು, ನಾಳೆಯೇ ಕೊನೆಯ ದಿನ ಎಂದರು. ಲವಾನ್ ಬಂದಳು. ಬೇರೆ ಕಾರಿನಲ್ಲಿ.

ಶುಕ್ರವಾರ ಹೆಡ್ವಿಗಮ್ಮ ತಲೆ ಬಾಚಿಸಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಕಣ್ಣಲ್ಲಿ ಮಬ್ಬಿರಲಿಲ್ಲ.

"ರಾಲ್ಫ್ ಗಾಡಿ ನಿಲ್ಸಿ ಬಂದ್ರಾ?" ಎಂದೆ. ನಾಚಿಕೆಯಾಗುತ್ತದೆ, ಆದರೂ ಹಾಗೆ ಕೇಳಿದೆ.

"ರಾಲ್ಫ್ ಚರ್ಚಿನ ಹಿಂದಿನ ಗುಡ್ಡದಲ್ಲಿ ಮಣ್ಣಡಿ ಮಲಗಿದಾನೆ. ನಿಂಗೇನು ಮರೆವು ಶುರುವಾಯ್ತಾ, ಆರ್ಡಿಸ್?" ಆಮೇಲೆ ಅವರ ಕಣ್ಣು ನನ್ನ ಕೈಯಲ್ಲಿದ್ದ ಮತಪತ್ರದ ಮೇಲೆ ಬಿತ್ತು. "ಅದ್ಯಾಕೆ ತಂದೆ? ನಾನು ಮಂಗಳವಾರವೇ ಹಾಕಿದೀನಿ."

"ಅದು ಲೆಕ್ಕಕ್ಕೆ ಬರಲ್ಲ, ಹೆಡ್ವಿಗಮ್ಮ. ಒಂದು ಸಹಿ ಬಿಟ್ಟುಹೋಗಿದೆ."

"ಯಾರ್ದು?"

"ನಂದು."

"ನಿನ್ನ ಸಹಿ ಬಿಟ್ಟುಹೋದ್ರೆ ನೀನು ಹೋಗಿ ಮಾಡು. ನಾನ್ಯಾಕೆ ಇನ್ನೊಂದು ಮತ ಹಾಕ್ಲಿ?"

ಲವಾನ್ ಕುರ್ಚಿಯ ಪಕ್ಕ ಮಂಡಿಯೂರಿದಳು. ಆ ಮಂಡಿಗಳಿಗೆ ಅದು ಎಷ್ಟು ಕಷ್ಟವೆಂದು ನನಗೆ ಗೊತ್ತು. "ಹಳೇದನ್ನ ತೆಗೆದುಹಾಕಿದಾರಮ್ಮ. ಇದೊಂದೇ ಇರೋದು. ಕಾನೂನು ಪ್ರಕಾರ ಸರಿಯಾಗೇ ಇದೆ. ನನ್ನ ಮಾತು ನಂಬಿ."

ಹೆಡ್ವಿಗಮ್ಮ ಸ್ವೆಟರಿನ ಮೇಲಿದ್ದ ಚೀಟಿಯನ್ನು ಅಂಗೈಯಿಂದ ಮುಚ್ಚಿಕೊಂಡರು, ನಾವೆಲ್ಲಿ ಕಿತ್ತುಕೊಳ್ಳುತ್ತೇವೋ ಎಂಬಂತೆ.

"ಟೀವೀಲಿ ದಿನಾ ಬಡ್ಕೋತಾರೆ," ಎಂದರು. "ಮುದುಕಿಯರ ಹತ್ರ ಹೋಗಿ ಎರಡೆರಡು ಸಲ ಹಾಕಿಸ್ತಾರೆ ಅಂತ. ಈ ಕೋಣೇಲಿ ಎಲ್ಲರ ಹತ್ರ ಜಗಳ ಆಡಿದೀನಿ ನಾನು. ನಮ್ಮೂರಲ್ಲಿ ಹಾಗಿಲ್ಲ, ನಮ್ಮಲ್ಲಿ ಲವಾನ್ ಬರ್ತಾಳೆ, ಆರ್ಡಿಸ್ ಬರ್ತಾಳೆ ಅಂತ. ಈಗ ನೋಡಿದ್ರೆ ನೀವೇ ಬಂದು ನಿಂತಿದೀರ."

"ಹೆಡ್ವಿಗಮ್ಮ, ಹಾಗಲ್ಲ..."

"ನಾನು ಬದುಕಿನಲ್ಲಿ ಒಂದು ಚಮಚ ಸಕ್ಕರೆ ಶಾಲೆಯಿಂದ ಮನೆಗೆ ಒಯ್ದೋಳಲ್ಲ. ಹೋಗಿ." ಅವರು ಗಂಟೆ ಒತ್ತಿ ದಾದಿಯನ್ನು ಕರೆದರು. "ಇವರನ್ನ ಹೊರಗೆ ಕಳಿಸಮ್ಮ."

ಮತದಾರರು ನಿರಾಕರಿಸಿದರು ಎಂಬ ವರದಿಯನ್ನು ಮೊಗಸಾಲೆಯ ಕಿಟಕಿಯ ಕಟ್ಟೆಯ ಮೇಲಿಟ್ಟು ತುಂಬಿದೆವು. ಲವಾನ್ ಬರೆದಳು. ಕಣ್ಣೊರೆಸಿಕೊಳ್ಳಲೂ ಇಲ್ಲ, ಹನಿ ಕಾಗದದ ಮೇಲೇ ಬಿತ್ತು.

ಹೊರಗೆ ಅವಳು ಕಾರು ಹತ್ತಿ ಕೂತು ಕಿಟಕಿಯ ಗಾಜು ಇಳಿಸಿದಳು. ಎಂಜಿನ್ ಶುರು ಮಾಡಲಿಲ್ಲ.

"ಒಂದೇ ಒಂದು ಕೇಳ್ತೀನಿ, ಆರ್ಡಿಸ್. ಆವತ್ತು ಅವರು ನಿಮ್ಮೋರ ಮೇಲೆ ಬೆರಳಿಟ್ಟಿದ್ರೆ?"

ನನ್ನ ಬಳಿ ಉತ್ತರಗಳಿದ್ದವು. ಇಡೀ ವರ್ಷ ಅಂಥ ಉತ್ತರಗಳನ್ನೇ ಬರೆದವಳು ನಾನು, ಊರು ಚಪ್ಪಾಳೆ ತಟ್ಟುವಂಥವು. ಬಾಯಿ ತೆರೆದೆ. ಆಸ್ಪತ್ರೆಯ ವ್ಯಾನೊಂದು ಬಂದು ಯಾರನ್ನೋ ಇಳಿಸಿ ಹೋಯಿತು. ಲವಾನ್ ಸಿಟ್ಟಿನಿಂದ ಕಾಯುತ್ತಿರಲಿಲ್ಲ. ನಾನು ಏನಾದರೂ ಹೇಳಿದರೆ ನಂಬಿಬಿಡುವವಳ ಹಾಗೆ ಮುಖವೆತ್ತಿ ಕಾಯುತ್ತಿದ್ದಳು. ಅದಕ್ಕೇ ನನಗೆ ಸುಳ್ಳು ಹೇಳಲಾಗಲಿಲ್ಲ. ನಿಜವನ್ನೂ ಹೇಳಲಾಗಲಿಲ್ಲ.

"ಆಯ್ತು ಬಿಡು," ಎಂದು ಗಾಜು ಏರಿಸಿಕೊಂಡಳು.